ಡೆಬಿಯನ್ 6ರಿಂದ 13ರವರೆಗೆ: ಹೆಸರು ಬದಲಿಸುವ ಪ್ಯಾಕೇಜುಗಳ ಜೊತೆಗಿನ ಬಾಳು

ಡೆಬಿಯನ್ ಎಂಬುದು ಉಚಿತವಾಗಿ ಸಿಗುವ ಒಂದು ಲಿನಕ್ಸ್ ಕಾರ್ಯವ್ಯವಸ್ಥೆ; ಅದರ ತಂತ್ರಾಂಶಗಳೆಲ್ಲ ‘ಪ್ಯಾಕೇಜು’ ಎಂಬ ಕಟ್ಟುಗಳಲ್ಲಿ ಬರುತ್ತವೆ. 2011ರಲ್ಲಿ ಹಾಕಿಕೊಂಡ ಡೆಬಿಯನ್ 6 ಅನ್ನು ಒಮ್ಮೆಯೂ ಅಳಿಸದೆ, ಒಂದೊಂದೇ ಆವೃತ್ತಿ ಏರಿಸುತ್ತ 13ಕ್ಕೆ ತಂದಿದ್ದೇನೆ. ಹೊಸ ಲ್ಯಾಪ್‌ಟಾಪಿಗೆ ಸುಲಭವಾಗಿ ಹಣ ಹೊಂದಿಸಲಾಗದ ಕರಡು ತಿದ್ದುವ ನನ್ನಂಥವನಿಗೆ ಇದು ದೊಡ್ಡ ಉಪಕಾರ.

ಎರಡು ವರ್ಷಕ್ಕೊಮ್ಮೆ ಬರುವ ಅಪ್‌ಗ್ರೇಡಿಗೆ ನನ್ನದೇ ಒಂದು ಕ್ರಮವಿದೆ. ಶನಿವಾರ ಸಂಜೆ ಕಡತಗಳನ್ನೆಲ್ಲ ಹೊರಗಿನ ಡಿಸ್ಕಿಗೆ ನಕಲು ಮಾಡಿ, ಬಿಡುಗಡೆ ಟಿಪ್ಪಣಿಯನ್ನು ಪೂರ್ತಿ ಓದಿ, ಒಂದು ಲೋಟ ಕಾಫಿ ಪಕ್ಕದಲ್ಲಿಟ್ಟುಕೊಂಡು, ಪ್ಯಾಕೇಜುಗಳನ್ನು ಹಾಕುವ, ತೆಗೆಯುವ ಸಲಕರಣೆಯಾದ ಆಪ್ಟ್‌ಗೆ ‘ಆಪ್ಟ್ ಫುಲ್-ಅಪ್‌ಗ್ರೇಡ್’ ಕೊಡುತ್ತೇನೆ. ಅದು ತೋರಿಸುವ ಬದಲಾವಣೆಗಳ ಪಟ್ಟಿಗೆ ಒಪ್ಪಿಗೆಯ ‘ವೈ’ಯನ್ನು ಕಾಫಿ ಮುಗಿಯುವವರೆಗೆ ಒತ್ತುವುದಿಲ್ಲ.

ಈ ಸಲ ಒಂದು ಲೋಟ ಸಾಲಲಿಲ್ಲ. ‘ತೆಗೆದುಹಾಕಲಾಗುವುದು’ ಎಂಬ ಪಟ್ಟಿ ತೆರೆಯ ತುಂಬ ಹರಡಿದ್ದನ್ನು ಕಂಡು ಎದೆ ಧಸಕ್ಕೆಂದಿತು. ಕಾರಣ ಗೊತ್ತಿಲ್ಲದ್ದೇನಲ್ಲ: 32 ಬಿಟ್‌ನಲ್ಲಿ ಸಮಯವನ್ನು ಎಣಿಸುವ ವ್ಯವಸ್ಥೆಗಳ ಲೆಕ್ಕ 2038ರ ಜನವರಿ 19ಕ್ಕೆ ತುಂಬಿಹೋಗುವುದರಿಂದ, ಅದನ್ನು 64 ಬಿಟ್‌ಗೆ ಒಯ್ಯುವಾಗ ಹಲವು ತಂತ್ರಾಂಶಗಳು ಹಂಚಿಕೊಂಡು ಬಳಸುವ ನೂರಾರು ಲೈಬ್ರರಿಗಳ ಪ್ಯಾಕೇಜುಗಳ ಹೆಸರಿನ ಕೊನೆಗೆ ‘ಟಿ64’ ಸೇರಿಸಲಾಯಿತು. ‘ಲಿಬ್‌ಎಸ್‌ಎಸ್‌ಎಲ್3’ ಹೋಗಿ ‘ಲಿಬ್‌ಎಸ್‌ಎಸ್‌ಎಲ್3ಟಿ64’ ಬರುತ್ತದೆ. ನನ್ನ 64 ಬಿಟ್ ಯಂತ್ರದಲ್ಲಿ ಎಣಿಕೆ ಮೊದಲೇ 64 ಬಿಟ್‌ನದು. ಇಲ್ಲಿ ಬದಲಾದದ್ದು ಹೆಸರು ಮಾತ್ರ. ಆದರೆ ಹೆಸರು ಬದಲಾದದ್ದಕ್ಕೂ ನಿಜವಾಗಿ ಕೈಬಿಟ್ಟುಹೋಗುವುದಕ್ಕೂ ಆಪ್ಟ್ ಬೇರೆ ಬೇರೆ ಗುರುತು ಕೊಡುವುದಿಲ್ಲ. ಹಾಗಾಗಿ ಪೆನ್ಸಿಲ್ ಹಿಡಿದು, ಹೋಗುವ ಪ್ರತಿಯೊಂದು ಹೆಸರಿಗೂ ಬರುವವುಗಳ ನಡುವೆ ಜೋಡಿ ಹುಡುಕುತ್ತ ಕುಳಿತೆ. ಜೋಡಿ ಸಿಗದೆ ಉಳಿದದ್ದು ಒಂದೇ, ನಾನು ಹೊರಗಿನಿಂದ ತಂದು ಹಾಕಿದ್ದ ಪ್ರಿಂಟರ್ ಡ್ರೈವರ್. ಅಷ್ಟು ಹೊತ್ತಿಗೆ ಎರಡನೆಯ ಲೋಟವೂ ತಣ್ಣಗಾಗಿತ್ತು. 13ರ ಆಪ್ಟ್ ಹೋಗುವುದನ್ನು ಕೆಂಪಿನಲ್ಲಿ, ಬರುವುದನ್ನು ಹಸಿರಿನಲ್ಲಿ ತೋರಿಸುತ್ತದೆಯಂತೂ ನಿಜ. ಅದು ಕೈಗೆ ಸಿಗುವುದು ಮಾತ್ರ ಈ ಪಟ್ಟಿಗೆ ಒಪ್ಪಿಗೆ ಕೊಟ್ಟ ಮೇಲೆ.

ಸಿಟ್ಟು ಇಳಿದದ್ದು ಹಳೆಯದನ್ನು ನೆನೆದಾಗ. ‘ಟಿಟಿಎಫ್-ಕನ್ನಡ-ಫಾಂಟ್ಸ್’ ಎಂಬ ಪ್ಯಾಕೇಜು ‘ಫಾಂಟ್ಸ್-ಕೆಎನ್‌ಡಿಎ’ ಆಗಿದೆಯೆಂಬುದು ನನಗೆ ತಿಳಿದದ್ದೇ ಎಷ್ಟೋ ತಿಂಗಳ ಮೇಲೆ. ತೆರೆಯ ಮೇಲಿನ ಒಂದು ಒತ್ತಕ್ಷರವೂ ಅಲುಗಿರಲಿಲ್ಲ. ಇಂಥ ಕಡೆ ಡೆಬಿಯನ್ ಹಳೆಯ ಹೆಸರಿನಲ್ಲಿ ಒಂದು ಖಾಲಿ ಪ್ಯಾಕೇಜನ್ನು ಉಳಿಸುವ ರೂಢಿಯಿದೆ. ಮನೆ ಬದಲಿಸಿದವರು ಹಳೆಯ ಬಾಗಿಲಿಗೆ ಅಂಟಿಸಿಹೋದ ವಿಳಾಸದ ಚೀಟಿಯಂತೆ, ಅದು ಹೊಸ ಹೆಸರಿನತ್ತ ಕಳುಹಿಸುವುದನ್ನು ಬಿಟ್ಟು ಬೇರೇನೂ ಮಾಡುವುದಿಲ್ಲ. ಅದು ‘ಓಲ್ಡ್‌ಲಿಬ್ಸ್’ ಎಂಬ, ಹಳೆಯ ಪ್ಯಾಕೇಜುಗಳ ವಿಭಾಗದಲ್ಲಿದ್ದರೆ, ‘ಇದನ್ನು ಬಳಕೆದಾರರೇ ಕೇಳಿ ಹಾಕಿಸಿಕೊಂಡದ್ದು’ ಎಂಬ ಗುರುತನ್ನೂ ಆಪ್ಟ್ ಹೊಸ ಪ್ಯಾಕೇಜಿಗೆ ದಾಟಿಸುತ್ತದೆ; ಇಲ್ಲವಾದರೆ ಮುಂದೊಂದು ದಿನ, ಬೇಡವಾದ ಪ್ಯಾಕೇಜುಗಳನ್ನು ತೆಗೆಯುವ ‘ಆಟೊರಿಮೂವ್’ ಆಜ್ಞೆ ಅದನ್ನು ಗುಡಿಸಿಹಾಕುತ್ತಿತ್ತು. ಕಡತಗಳ ಹಳೆಯ, ಹೊಸ ಆವೃತ್ತಿಗಳನ್ನು ಕಾಯುವ ಗಿಟ್ ಎಂಬ ತಂತ್ರಾಂಶ ಕೂಡ ಒಂದು ಕಾಲದಲ್ಲಿ ಇಲ್ಲಿ ‘ಗಿಟ್-ಕೋರ್’ ಆಗಿತ್ತು, ಏಕೆಂದರೆ ‘ಗಿಟ್’ ಎಂಬ ಹೆಸರನ್ನು ಜಿಎನ್‌ಯು ಎಂಬ ಮುಕ್ತ ತಂತ್ರಾಂಶ ಯೋಜನೆಯ ಬೇರೊಂದು ಸಲಕರಣೆ ಮೊದಲೇ ಹಿಡಿದಿತ್ತು.

ಹೀಗಾಗಿ ಡೆಬಿಯನ್ ಬಿಡುವ ಯೋಚನೆ ನನಗಿಲ್ಲ. ಆದರೆ ಮಾವನವರ ಕಂಪ್ಯೂಟರಿನ ಅಪ್‌ಗ್ರೇಡನ್ನು ಅವರೊಬ್ಬರಿಗೇ ಬಿಡುವ ಧೈರ್ಯವೂ ಇಲ್ಲ. ಬರುವವು, ಹೋಗುವವು ಎಂಬ ಎರಡು ತಲೆಬರಹಗಳ ನಡುವೆ ‘ಹೆಸರು ಬದಲಾದವು’ ಎಂಬ ಮೂರನೆಯದೊಂದು ಬಂದ ದಿನ, ಆ ಕೆಲಸವನ್ನು ಅವರ ಕೈಗೇ ಒಪ್ಪಿಸುತ್ತೇನೆ.