ಮೊದಲ ಹಳೆಯ ಪೋರ್ಷೆ: 944 ಅಥವಾ 911?

ಕನಸು 911ರದ್ದು, ದುಡ್ಡು ಕಡಿಮೆ ಅಂತಾದರೆ 944 ತಗೊಳ್ಳಿ, ಬೇಜಾರೇ ಬೇಡ. ಎಂಜಿನ್ ಮುಂದೆ, ಗೇರ್‌ಬಾಕ್ಸ್ ಹಿಂದೆ ಇರುವುದರಿಂದ ಭಾರ ಸರಿಯಾಗಿ ಹಂಚಿಕೊಂಡು ತಿರುವಿನಲ್ಲಿ ಹೊಸಬರಿಗೂ ಧೈರ್ಯ ಬರುತ್ತದೆ. ಆದರೆ ಟೈಮಿಂಗ್ ಬೆಲ್ಟ್ (ಎಂಜಿನ್‌ನ ವಾಲ್ವ್‌ಗಳು ಸರಿಯಾದ ಹೊತ್ತಿಗೆ ತೆರೆದು ಮುಚ್ಚುವಂತೆ ಮಾಡುವ ಪಟ್ಟಿ) ಬದಲಾಯಿಸಿದ ಬಿಲ್ ಇಲ್ಲದಿದ್ದರೆ ಓಡಿಸುವ ಮೊದಲೇ ಬದಲಾಯಿಸಿ. ಅದು ತುಂಡಾದರೆ ವಾಲ್ವ್‌ಗಳು ಪಿಸ್ಟನ್‌ಗೆ ಬಡಿದು ಬಾಗುತ್ತವೆ, ಖರ್ಚು ಜಾಸ್ತಿ.

1984–89ರ 911 ಕರೆರಾ 3.2 ಬೇರೆಯೇ ಅನುಭವ. ಗಾಳಿಯಿಂದ ತಣಿಯುವ ಎಂಜಿನ್ ಬೆನ್ನ ಹಿಂದೆ ಗುಡುಗುವ ಆ ಸದ್ದಿಗೇ ನಾನು ಸೋತಿದ್ದೇನೆ! ಇದರಲ್ಲಿರುವುದು ಟೈಮಿಂಗ್ ಚೈನ್, ಬೆಲ್ಟ್‌ನ ಚಿಂತೆಯಿಲ್ಲ. ಆದರೆ ತಿರುವಿನ ನಡುವೆ ಸುಮ್ನೆ ಆಕ್ಸಿಲರೇಟರ್ ಬಿಟ್ಟರೆ ಹಿಂಭಾಗ ಜಾರಬಹುದು. ಸಿಕ್ಕರೆ 1987ರಿಂದ ಬಂದ ಜಿ50 ಗೇರ್‌ಬಾಕ್ಸ್‌ನದ್ದೇ ನೋಡಿ, ಗೇರ್ ಸಲೀಸಾಗಿ ಬೀಳುತ್ತದೆ.

ಯಾವುದಾದರೂ ಸರಿ, ದುಡ್ಡು ಕೊಡುವ ಮೊದಲು ಕಾರನ್ನು ಮೇಲೆತ್ತಿಸಿ ಅಡಿಭಾಗದ ತುಕ್ಕು ನೋಡಿ.