ಡಿಎಚ್‌ಎಸ್, ನೈಲ್, ಕೃತಕ ತಲೆ: ವಯಸ್ಸಾದವರ ಸೊಂಟದ ಮುರಿತಕ್ಕೆ ಯಾವುದು?

ಮೊದಲು ಎಕ್ಸ್‌ರೇ ನೋಡಬೇಕು. ಮುರಿದಿರುವುದು ತೊಡೆಮೂಳೆಯ ಕುತ್ತಿಗೆಯೋ (ಕೀಲಿನೊಳಗೆ ಕೂರುವ ಗುಂಡನೆಯ 'ತಲೆ'ಯ ಕೆಳಗಿನ ಸಪೂರ ಭಾಗ), ಅದರ ಕೆಳಗೆ ಟ್ರೊಕ್ಯಾಂಟರ್ ಎಂಬ ಉಬ್ಬಿರುವ ಭಾಗವೋ? ಇಂಪ್ಲಾಂಟಿನ (ಒಳಗೆ ಕೂರಿಸುವ ಸಾಧನದ) ಆಯ್ಕೆ ನಿಂತಿರುವುದು ಇದರ ಮೇಲೆ, ಕಂಪನಿಯ ಹೆಸರಿನ ಮೇಲಲ್ಲ.

ಟ್ರೊಕ್ಯಾಂಟರ್ ಮುರಿತ ಸ್ಥಿರವಾಗಿದ್ದರೆ, ಅಂದರೆ ಜೋಡಿಸಿದ ತುಂಡುಗಳು ಮತ್ತೆ ಜರುಗದಂತಿದ್ದರೆ, ಡಿಎಚ್‌ಎಸ್ (ಡೈನಮಿಕ್ ಹಿಪ್ ಸ್ಕ್ರೂ) ಈಗಲೂ ಸಾಕು. ಸಾಮಾನ್ಯವಾಗಿ 135 ಡಿಗ್ರಿಯ ಪ್ಲೇಟ್, ಅದರ ಕೊಳವೆಯೊಳಗೆ ಜಾರುವ ಒಂದೇ ದಪ್ಪ ಸ್ಕ್ರೂ. ಕಾಲಿಗೆ ಭಾರ ಬಿದ್ದಂತೆ ಸ್ಕ್ರೂ ಹಿಂದೆ ಸರಿದು, ಮುರಿದ ತುಂಡುಗಳು ಒಂದಕ್ಕೊಂದು ಒತ್ತಿ ಕೂರುತ್ತವೆ. ಆದರೆ ಈ ಜಾರಾಟಕ್ಕೆ ತಡೆಯಾಗಿ ಹೊರಬದಿಯ ಮೂಳೆಗೋಡೆ ಗಟ್ಟಿಯಿರಬೇಕು. ಅದು ಸುಮಾರು 20 ಮಿ.ಮೀ.ಗಿಂತ ತೆಳುವಾಗಿದ್ದರೆ ಡ್ರಿಲ್ ಮಾಡುವಾಗಲೋ ಆಮೇಲೋ ಒಡೆಯಬಹುದು. ತೊಡೆಮೂಳೆ ಒಳಕ್ಕೆ ಸರಿದು ಕಾಲು ಗಿಡ್ಡವಾಗುತ್ತದೆ. ಮುರಿತದ ಗೆರೆ ಉಲ್ಟಾ ಓರೆಯಾಗಿದ್ದರಂತೂ (ಒಳಬದಿಯ ಮೇಲಿನಿಂದ ಹೊರಬದಿಯ ಕೆಳಕ್ಕೆ) ಡಿಎಚ್‌ಎಸ್ ಬೇಡ, ನೈಲ್ ಎಂಬ ಸರಳೇ ಸರಿ.

ಮೂಳೆಯ ಪೊಳ್ಳಿನೊಳಗೆ ಕೂರುವ ನೈಲ್ ಭಾರದ ಗೆರೆಗೆ ಹತ್ತಿರವಿರುವುದರಿಂದ ಅಸ್ಥಿರ ಮುರಿತವನ್ನು ಚೆನ್ನಾಗಿ ಹಿಡಿಯುತ್ತದೆ. ಹಾಗಂತ ಅದು ಮೂಳೆಯನ್ನು ತಾನೇ ಜೋಡಿಸುವುದಿಲ್ಲ. ರೀಮ್ ಮಾಡುವ (ಪೊಳ್ಳನ್ನು ಕೊರೆದು ಅಗಲಿಸುವ) ಮೊದಲೇ ಜೋಡಣೆ ಸರಿಯಾಗಿರಬೇಕು. ನೈಲ್ ಒಳಹೋಗುವ ತೂತು ಟ್ರೊಕ್ಯಾಂಟರ್ ತುದಿಯಿಂದ ಹೊರಕ್ಕೆ ಸರಿದರೆ ನೈಲ್ ಇಳಿಸುವಾಗ ತಲೆ ಒಳಬದಿಗೆ ವಾಲುತ್ತದೆ. ತಲೆಯೊಳಗೆ ಎರಡು ಸ್ಕ್ರೂ ಹೋಗುವ ಪಿಎಫ್‌ಎನ್ ಎಂಬ ನೈಲಿನಲ್ಲಿ ಒಂದು ಹಿಂದೆ ಸರಿದು ಇನ್ನೊಂದು ಕೀಲಿನೊಳಗೆ ನುಗ್ಗುವ 'ಝಡ್ ಎಫೆಕ್ಟ್' ಕುಖ್ಯಾತ. ಸ್ಕ್ರೂ ಬದಲು ಬಳಸುವ ತಿರುಚಿದ ಬ್ಲೇಡ್ ಟೊಳ್ಳು (ಸಾಂದ್ರತೆ ಕಳೆದುಕೊಂಡ) ಮೂಳೆಯನ್ನು ಕೊರೆದು ತೆಗೆಯದೆ ಒತ್ತರಿಸಿ ಕೂರುತ್ತದೆ; ಅದೂ ಕೆಲವೊಮ್ಮೆ ತಲೆಯನ್ನು ತೂರಿ ಆಚೆ ಬರುವುದುಂಟು. ಉದ್ದ ನೈಲಿನ ಬಾಗು ತೊಡೆಮೂಳೆಯ ಬಾಗಿಗೆ ಹೊಂದದಿದ್ದರೆ ಕೆಳತುದಿ ಮುಂಬದಿಯ ಗೋಡೆಗೆ ತಾಗುತ್ತದೆ.

ಯಾವುದನ್ನು ಹಾಕಿದರೂ ಒಂದು ಅಳತೆ ಬಿಡಬಾರದು. ಸ್ಕ್ರೂ ತುದಿಯಿಂದ ತಲೆಯ ಶಿಖರದವರೆಗಿನ ದೂರವನ್ನು ಎದುರಿನ ಮತ್ತು ಪಕ್ಕದ ಎಕ್ಸ್‌ರೇಗಳೆರಡರಲ್ಲೂ ಅಳೆದು, ಎಕ್ಸ್‌ರೇಯಲ್ಲಿ ಹಿಗ್ಗಿ ಕಾಣುವ ಪ್ರಮಾಣ ಸರಿಪಡಿಸಿ ಕೂಡಿಸಿದರೆ 25 ಮಿ.ಮೀ. ಮೀರಬಾರದು. ಮೀರಿದಷ್ಟೂ ಸ್ಕ್ರೂ ತಲೆಯನ್ನು ಸೀಳಿಕೊಂಡು ಹೊರಬರುವ ಅಪಾಯ ಹೆಚ್ಚು. ದುಬಾರಿ ನೈಲನ್ನು ತಪ್ಪು ಜಾಗದಲ್ಲಿ ಕೂರಿಸುವುದಕ್ಕಿಂತ ಸರಿಯಾಗಿ ಕೂತ ಡಿಎಚ್‌ಎಸ್ ಮೇಲು.

ಕುತ್ತಿಗೆ ಮುರಿದರೂ ಜರುಗದಿದ್ದರೆ ಮೂರು ಸ್ಕ್ರೂ ಅಥವಾ ಡಿಎಚ್‌ಎಸ್. ಜರುಗಿದ್ದರೆ ತಲೆಯ ರಕ್ತಪೂರೈಕೆಯೇ ಕಡಿದಿರಬಹುದು, ಹಾಗಾಗಿ ಅದನ್ನು ತೆಗೆದು ಕೃತಕ ತಲೆ ಹಾಕುವುದೇ ಜಾಣತನ. ಮುಂಚೆ ಸ್ವತಂತ್ರವಾಗಿ ಓಡಾಡುತ್ತಿದ್ದವರಿಗೆ ಪೂರ್ಣ ಕೀಲು ಬದಲಾವಣೆ ಯೋಚಿಸಬಹುದು, ಆದರೆ ಕೀಲು ಜಾರುವ ಭಯ ತಲೆಯನ್ನಷ್ಟೇ ಬದಲಿಸುವ ಅರ್ಧ ಬದಲಾವಣೆಗಿಂತ ಹೆಚ್ಚು. ಟೊಳ್ಳು ಮೂಳೆಗೆ ಸಿಮೆಂಟ್ ಹಾಕಿದ ಸ್ಟೆಮ್ಮೇ (ಕೃತಕ ತಲೆಯನ್ನು ಹೊತ್ತು ತೊಡೆಮೂಳೆಯೊಳಗೆ ಕೂರುವ ಕಾಂಡ) ನಮ್ಮ ಆಯ್ಕೆ: ಸ್ಟೆಮ್ ಸುತ್ತ ಮತ್ತೆ ಮೂಳೆ ಮುರಿಯುವುದು ಕಡಿಮೆ. ಸಿಮೆಂಟ್ ತುಂಬುವಾಗ ರಕ್ತದೊತ್ತಡ ದಿಢೀರನೆ ಕುಸಿಯಬಹುದು. ಪೊಳ್ಳನ್ನು ಚೆನ್ನಾಗಿ ತೊಳೆದು ಒಣಗಿಸಿ, ಅರಿವಳಿಕೆ ವೈದ್ಯರಿಗೆ ಹೇಳಿಯೇ ತುಂಬಬೇಕು.