ಎಓಸೆಪ್ಟ್ ಪ್ಲಸ್: ಲೆನ್ಸ್ ಸೂಪರ್ ಕ್ಲೀನ್, ಆದ್ರೆ ಅರ್ಜೆಂಟ್ ಪಾರ್ಟಿಗಳಿಗಲ್ಲ

ಎಓಸೆಪ್ಟ್ ಪ್ಲಸ್ ಅಂದ್ರೆ ಕಾಂಟ್ಯಾಕ್ಟ್ ಲೆನ್ಸ್ ಕ್ಲೀನ್ ಮಾಡಿ ಕ್ರಿಮಿ ಸಾಯ್ಸೋ ಸೊಲ್ಯೂಷನ್. ಮಲ್ಟಿಪರ್ಪಸ್ ಸೊಲ್ಯೂಷನ್ (ತೊಳೆಯೋಕೂ ನೆನೆಸಿಡೋಕೂ ಒಂದೇ ಆಗೋ ಮಾಮೂಲಿ ಸೊಲ್ಯೂಷನ್) ಹಾಕಿ ಹಾಕಿ ಸಂಜೆ ಹೊತ್ಗೆ ಕಣ್ಣು ಕೆಂಪಗೆ ಉರಿ ಉರಿ ಆಗೋರು ಡಾಕ್ಟ್ರನ್ನ ಕೇಳ್ಕೊಂಡು ಇದನ್ನ ಟ್ರೈ ಮಾಡ್ಬೋದು, ಯಾಕಂದ್ರೆ ಇದ್ರಲ್ಲಿ ಪ್ರಿಸರ್ವೇಟಿವ್ ಇಲ್ಲ. ನಂದು ತಿಂಗಳ ಸಾಫ್ಟ್ ಲೆನ್ಸು, ದಿನವಿಡೀ ಏಸಿಲಿ ಸಿಸ್ಟಮ್ ಮುಂದೆ ಕೂರೋ ಕೆಲ್ಸ, ಇದಕ್ಕೆ ಬದಲಾಯ್ಸಿದ್ಮೇಲೆ ಸಾಯಂಕಾಲನೂ ಕಣ್ಣು ಹಾಯಾಗಿರುತ್ತೆ.

ಒಳಗಿರೋದು 3% ಹೈಡ್ರೋಜನ್ ಪೆರಾಕ್ಸೈಡ್. ಜೊತೆಗೆ ಒಂದು ಉದ್ದನೆ ಕೇಸ್ ಬರುತ್ತೆ, ಮುಚ್ಚಳಕ್ಕೆ ಎರಡು ಪುಟ್ಟ ಬುಟ್ಟಿ, ಅದರ ಕೆಳಗೆ ಪ್ಲಾಟಿನಂ ಲೇಪನದ ಬಿಲ್ಲೆ. ಲೆನ್ಸನ್ನ ಬುಟ್ಟಿಲಿಟ್ಟು ಅದೇ ಸೊಲ್ಯೂಷನ್ ಬಿಟ್ಟು ತೊಳ್ದು, ಗೆರೆ ತನಕ ತುಂಬ್ಸಿ ಮುಚ್ಚಿದ್ರೆ ಆಗ್ತಾನೆ ಓಪನ್ ಮಾಡಿದ ಗೋಲಿ ಸೋಡಾ ಥರ ಗುಳ್ಳೆ ಏಳೋಕೆ ಶುರು. ಆ ಬಿಲ್ಲೆನೇ ಪೆರಾಕ್ಸೈಡನ್ನ ನಿಧಾನಕ್ಕೆ ನೀರು, ಆಕ್ಸಿಜನ್ ಮಾಡೋದು, ಗಾಳಿ ಹೋಗ್ಲಿ ಅಂತ ಮುಚ್ಚಳದಲ್ಲಿ ತೂತಿದೆ, ಅದ್ಕೇ ಕೇಸ್ ನೆಟ್ಟಗೆ ನಿಲ್ಲಿಸ್ಬೇಕು. ಕಮ್ಮಿ ಅಂದ್ರೂ 6 ಗಂಟೆ. ಐದೂವರೆಗೆ ಎದ್ದು ಹೊರಡ್ಬೇಕು ಅಂತಿದ್ರೆ ರಾತ್ರಿ ಹನ್ನೊಂದುವರೆ ಒಳಗೆ ಲೆನ್ಸ್ ಬಿಚ್ಚಿಡಿ, ಇಲ್ಲಾಂದ್ರೆ ಅವತ್ತು ಕನ್ನಡಕನೇ ಗತಿ.

ಯಾಮಾರೋದು ಎಲ್ಲಿ ಅಂದ್ರೆ, ಈ ಬಾಟ್ಲಿನ ಮಾಮೂಲಿ ಸೊಲ್ಯೂಷನ್ ಪಕ್ಕ ಇಟ್ಟಿರ್ತಾರೆ, ಬೆಳಿಗ್ಗೆ ನಿದ್ದೆಗಣ್ಣಲ್ಲಿ ಲೆನ್ಸ್ ಮೇಲೆ ಎರಡು ಹನಿ ಬಿಟ್ಕೊಂಡು ಸೀದಾ ಕಣ್ಣಿಗೆ ಹಾಕ್ಕೊಳ್ತಾರೆ. ಪ್ರಾಣ ಹೋಗೋ ಉರಿ. ಬಾಟ್ಲಿ ಮೂತಿ ಕೆಂಪಗೆ ಮಾಡಿರೋದೇ ಇದಕ್ಕೆ. ಹಂಗೇನಾದ್ರೂ ಆದ್ರೆ ತಕ್ಷಣ ಲೆನ್ಸ್ ತೆಗ್ದು ಕಣ್ಣಿಗೆ ಚೆನ್ನಾಗಿ ನೀರು ಹಾಕಿ ತೊಳ್ದು, ಉರಿ ಇಳೀಲಿಲ್ಲ ಅಂದ್ರೆ ಕಣ್ಣಿನ ಡಾಕ್ಟ್ರ ಹತ್ರ ಓಡಿ. ಮಾಮೂಲಿ ಚಪ್ಪಟೆ ಕೇಸಲ್ಲಿ ಇದನ್ನ ಹಾಕ್ಲೇಬೇಡಿ, ಅದ್ರಲ್ಲಿ ಬಿಲ್ಲೆ ಇರಲ್ಲ, ರಾತ್ರಿಯಿಡೀ ಇಟ್ರೂ ಪೆರಾಕ್ಸೈಡ್ ಪೆರಾಕ್ಸೈಡಾಗೇ ಇರುತ್ತೆ. ಮೆಡಿಕಲ್‌ನಲ್ಲಿ ಗಾಯಕ್ಕೆ ಅಂತ ಸಿಗೋ ಅಗ್ಗದ ಪೆರಾಕ್ಸೈಡ್ ತಂದು ತುಂಬ್ಸೋ ಐಡಿಯಾ ಕೊಡೋ ಜಾಣರೂ ಇದಾರೆ, ಅದು ಲೆನ್ಸಿಗೆ ಮಾಡಿದ್ದಲ್ಲ ಸ್ವಾಮಿ.

ಹೊಸ ಬಾಟ್ಲಿ ತಂದಾಗ ಅದ್ರ ಜೊತೆ ಬರೋ ಹೊಸ ಕೇಸೇ ಬಳ್ಸಿ, ಹಳೇ ಬಿಲ್ಲೆಗೆ ಶಕ್ತಿ ಕಮ್ಮಿಯಾಗಿರುತ್ತೆ. ಇನ್ನೊಂದು, ಗುಳ್ಳೆ ಎಲ್ಲಾ ನಿಂತ್ಮೇಲೆ ಒಳಗೆ ಕ್ರಿಮಿ ಸಾಯ್ಸೋದು ಏನೂ ಉಳ್ದಿರಲ್ಲ, ಮುಚ್ಚಳ ತೆಗೀದೇ ಇಟ್ರೆ 7 ದಿನ ಓಕೆ, ಅದಾದ್ಮೇಲೆ ಹೊಸ ಸೊಲ್ಯೂಷನ್ ಹಾಕಿ ಮತ್ತೆ 6 ಗಂಟೆ. ಅಪರೂಪಕ್ಕೆ ಮದ್ವೆ ಗಿದ್ವೆಗೆ ಮಾತ್ರ ಲೆನ್ಸ್ ಹಾಕೋರಿಗೆ ಇದು ಸುಮ್ನೆ ರಗಳೆ, ಒಂದಿನ ಹಾಕಿ ಬಿಸಾಡೋ ಡೈಲಿ ಡಿಸ್ಪೋಸಬಲ್ ಲೆನ್ಸ್ ತಗೊಳ್ಳಿ. ಸ್ಲೀಪರ್ ಬಸ್ಸಲ್ಲಿ ಹೋಗುವಾಗ ನಾನೂ ಅದನ್ನೇ ಹಾಕೋದು, ಬರ್ತಲ್ಲಿ ಕೇಸ್ ನೆಟ್ಟಗೆ ನಿಲ್ಸೋಕೆ ಜಾಗ ಎಲ್ಲಿದೆ.